ಮುಖ ಕೊಟ್ಟು ಮಾತಾಡಿ

ಸೆಪ್ಟೆಂಬರ್ ೩, ಮಂಗಳವಾರ

ಶಾಲೆಯಲ್ಲಿ ಏನೇನಾಗುತ್ತದೋ ದಿನಾಂಕ ಹಾಕಿ ಬರೆದಿಡಿ, ಮುಂದೆ ಕೆಲಸಕ್ಕೆ ಬರುತ್ತದೆ ಎಂದು ಕಿವಿ ಡಾಕ್ಟರು ಹೇಳಿದ್ದರು. ಬರೆಯುತ್ತೇನೆ. ಆದರೆ ಇದನ್ನು ಅವರಿಗೂ ತೋರಿಸುವುದಿಲ್ಲ. ತೋರಿಸುವಂಥ ಮಾತು ಇವತ್ತು ನನ್ನ ಬಾಯಲ್ಲಿ ಒಂದೂ ಇಲ್ಲ.

ನನ್ನ ಮಗಳು ಬಟಾಣಿಗೆ ಐದನೇ ಕ್ಲಾಸಿನ ಮೊದಲ ದಿನ. ಈ ಶಾಲೆಯಲ್ಲಿ ವರ್ಷ ಶುರುವಾಗುವುದೇ ಸೆಪ್ಟೆಂಬರಿಗೆ. ಹುಟ್ಟಿದಾಗ ಅಂಗೈಯಷ್ಟಿದ್ದಳು ಎಂದು ಇವರು, ಅವಳ ಅಪ್ಪ, ಇಟ್ಟ ಅಡ್ಡಹೆಸರು ಅದು. ಈಗ ಇಡೀ ಕ್ಲಾಸಿಗೇ ಎತ್ತರದವಳು, ಆದರೂ ಬಟಾಣಿಯೇ. ಮೂರು ವರ್ಷದವಳಿದ್ದಾಗ ಮಿದುಳುಜ್ವರ ಬಂದು ಎರಡೂ ಕಿವಿ ಮುಕ್ಕಾಲು ಪಾಲು ಹೋದವು. ಎರಡಕ್ಕೂ ಮಷೀನು ಹಾಕಿಸಿದ್ದೇವೆ. ಮಷೀನು ಹಾಕಿದ ಮೇಲೆ ಎಲ್ಲ ಸರಿಹೋಯಿತಲ್ಲ ಎಂದು ಕಂಡವರೆಲ್ಲ ಕೇಳುತ್ತಾರೆ. ಮಷೀನಿಗೆ ಟೀಚರ್ ಯಾರು, ಫ್ಯಾನ್ ಯಾವುದು ಅಂತ ಗೊತ್ತಾಗುವುದಿಲ್ಲ. ಬೆಂಚು ಎಳೆದ ಸದ್ದು, ಪಕ್ಕದ ಕ್ಲಾಸಿನ ಮಗ್ಗಿ, ಯಾರದೋ ಕೆಮ್ಮು, ಎಲ್ಲವನ್ನೂ ಒಂದೇ ಸಮ ಕಿವಿಗೆ ಸುರಿಯುತ್ತದೆ. ಅದಕ್ಕೆಂದೇ ಬೆರಳುದ್ದದ ಒಂದು ಮೈಕು ಇದೆ. ಪಾಠ ಮಾಡುವವರು ಕೊರಳಿಗೆ ಹಾಕಿಕೊಂಡರೆ ಅವರ ಮಾತು ನೇರ ಅವಳ ಮಷೀನಿಗೆ ಬಂದು ಬೀಳುತ್ತದೆ. ಹೋದ ವರ್ಷದ ಟೀಚರ್ ದಿನಾ ಹಾಕಿಕೊಳ್ಳುತ್ತಿದ್ದರು. ಅವರಿಗೆ ವರ್ಗವಾಯಿತು.

ಈ ವರ್ಷದ ಟೀಚರಿಗೆ ನಾನೇ ಬೆಳಿಗ್ಗೆ ಹೋಗಿ ಮೈಕು ಕೊಟ್ಟು, ಹೇಗೆ ಹಾಕಿಕೊಳ್ಳಬೇಕು ಅಂತ ಹೇಳಲು ಶುರುಮಾಡಿದೆ. ವರಾಂಡದಲ್ಲಿ, ಮಿಕ್ಕ ತಾಯಂದಿರೆಲ್ಲ ನಿಂತಿದ್ದಾರೆ. ಆ ಹೆಂಗಸು ದಾರವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ನನ್ನ ಕೊರಳಿಗೆ ಗಂಟೆ ಕಟ್ಟೋಕೆ ಬಂದಿದ್ದೀರೇನಮ್ಮಾ?" ಎಂದರು. ಎಲ್ಲರೂ ನಕ್ಕರು. ಬಟಾಣಿ ಕೂಡ ನಕ್ಕಳು. ಅವಳಿಗೆ ಕೇಳಿಸಿರಲಿಲ್ಲ, ಎಲ್ಲರೂ ನಕ್ಕಿದ್ದಕ್ಕೆ ನಕ್ಕಿದ್ದು.

ಸಂಜೆ ಮೈಕು ಬಟಾಣಿಯ ಚೀಲದೊಳಗೆ ಹಾಗೇ ಇತ್ತು, ದಾರಕ್ಕೆ ನಾನು ಹಾಕಿದ್ದ ಗಂಟು ಕೂಡ ಬಿಚ್ಚಿರಲಿಲ್ಲ.

ಸೆಪ್ಟೆಂಬರ್ ೬, ಶುಕ್ರವಾರ

ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಅರ್ಧ ದಿನ ರಜೆ ಕೇಳಿಕೊಂಡು ಹೆಡ್ ಮೇಡಂ ಹತ್ತಿರ ಹೋದೆ. ಬಟಾಣಿಯನ್ನೂ ಕ್ಲಾಸಿನಿಂದ ಕರೆಸಿದರು. ಹೆಡ್ ಮೇಡಂ ಮಾತು ಬಲು ನಯ. ಚಹಾ ತರಿಸಿದರು. "ನಿಮ್ಮ ಕಷ್ಟ ನನಗೆ ಅರ್ಥವಾಗುತ್ತೆ" ಎಂದರು, "ಆದ್ರೆ ಅವರು ಸೀನಿಯರ್ ಟೀಚರ್, ನಾನು ಬಲವಂತ ಮಾಡೋಕಾಗುತ್ತಾ? ನಿಧಾನಕ್ಕೆ ಹೇಳ್ತೀನಿ, ನೋಡೋಣ" ಎಂದರು. ಆ "ನೋಡೋಣ" ಕೇಳಿದಾಗಲೇ ನನಗೆ ಗೊತ್ತಾಯಿತು ಏನೂ ಆಗುವುದಿಲ್ಲ ಅಂತ.

ಬಟಾಣಿಯ ಗಲ್ಲ ಹಿಡಿದು, "ಕ್ಲಾಸಲ್ಲಿ ನಿನಗೇನು ತೊಂದರೆ ಮರಿ?" ಎಂದು ಕೇಳಿದರು. ಅವಳು ಬಾಯಿ ತೆರೆಯುವಷ್ಟರಲ್ಲಿ ನಾನೇ ಹೇಳಿದೆ: ಮುಂದಿನ ಬೆಂಚು ಬೇಕು, ಮೈಕು ಹಾಕಿಕೊಳ್ಳಬೇಕು, ಬೋರ್ಡಿನ ಕಡೆ ತಿರುಗಿಕೊಂಡು ಪಾಠ ಮಾಡಬಾರದು. ಒಂದೂ ಬಿಡಲಿಲ್ಲ, ಪಟಪಟನೆ ಹೇಳಿದೆ. ಅವಳ ಕೈಲಿ ಬಿಟ್ಟಿದ್ದರೆ "ಏನಿಲ್ಲ" ಎಂದು ತಲೆ ತಗ್ಗಿಸುತ್ತಿದ್ದಳು ಅಷ್ಟೇ.

ಸೆಪ್ಟೆಂಬರ್ ೧೬, ಸೋಮವಾರ

ಉಕ್ತಲೇಖನದಲ್ಲಿ ಸೊನ್ನೆ. ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿ, ಪಕ್ಕದಲ್ಲಿ "ಗಮನವಿಲ್ಲ. ಸೋಮಾರಿತನ" ಎಂದು ಬರೆದಿದ್ದಾರೆ.

ನಾನು ಆ ಪುಟವನ್ನು ಓದಿದೆ. ಟೀಚರ್ "ಮಳೆ" ಎಂದಿದ್ದಾರೆ, ಇವಳು "ಬಳೆ" ಎಂದು ಬರೆದಿದ್ದಾಳೆ. "ಮರ"ಕ್ಕೆ "ಬರ". "ಬೆಟ್ಟ"ಕ್ಕೆ "ಮೆಟ್ಟ". "ಪಟ"ಕ್ಕೆ "ಮಟ". ಕನ್ನಡಿ ಮುಂದೆ ನಿಂತು ಸದ್ದು ಮಾಡದೆ ಹೇಳಿ ನೋಡಿದರೆ ಯಾರಿಗೂ ತಿಳಿಯುತ್ತದೆ, ಪ, ಬ, ಮ ಮೂರಕ್ಕೂ ತುಟಿ ಕೂಡುವುದು ಒಂದೇ ಥರ. ಸೋಮಾರಿಯಂತೆ! ಈ ಮಗು ಬರೀ ತುಟಿ ನೋಡಿ ಅರ್ಧ ಪುಟ ಬರೆದಿದೆ. ಅರ್ಧದಿಂದ ಕೆಳಗೆ ಬರೀ ಸಂಖ್ಯೆ ಹಾಕಿ ಜಾಗ ಬಿಟ್ಟಿದ್ದಾಳೆ. ಅಲ್ಲಿಗೆ ಟೀಚರ್ ಬೆಂಚುಗಳ ಮಧ್ಯೆ ನಡೆಯುತ್ತ ಅವಳ ಬೆನ್ನ ಹಿಂದೆ ಹೋಗಿದ್ದರಂತೆ.

ಹೋದೆ. ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ ಕ್ಲಾಸಿನ ಬಾಗಿಲಲ್ಲಿ ನಿಂತೆ.

"ಎಲ್ಲ ಮಕ್ಕಳಿಗೂ ಒಂದೇ ನ್ಯಾಯ ನನ್ನ ಕ್ಲಾಸಲ್ಲಿ" ಎಂದರು.

ಅವರದು ದಪ್ಪ ಕನ್ನಡಕ. ನಾನು ದಿನಾ ಲೆನ್ಸ್ ಉಜ್ಜುವವಳು, ಆ ಪವರ್ ದೂರದಿಂದಲೇ ಕಾಣುತ್ತದೆ. "ಒಂದು ನಿಮಿಷ ಆ ಕನ್ನಡಕ ಬಿಚ್ಚಿ ನನ್ನ ಕೈಗೆ ಕೊಡಿ ಟೀಚರ್. ಬೋರ್ಡ್ ಮೇಲೆ ಹತ್ತು ಪದ ಬರೀತೀನಿ, ಓದಿ. ಓದೋಕಾಗದಿದ್ರೆ ನಾನೂ ಸೊನ್ನೆ ಸುತ್ತುತ್ತೀನಿ" ಎಂದೆ.

"ಮಕ್ಕಳ ಮುಂದೆ ನಾಟಕ ಆಡಬೇಡಿ" ಎಂದು ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟರು. ಉಳಿದ ಮಕ್ಕಳು ಬಾಯಿ ಬಿಟ್ಟು ನೋಡುತ್ತಿದ್ದರು. ಬಟಾಣಿ ಬೂಟಿನ ದಾರ ಕಟ್ಟಿಕೊಳ್ಳುತ್ತ ಬಗ್ಗಿದವಳು ಏಳಲೇ ಇಲ್ಲ.

ಸೆಪ್ಟೆಂಬರ್ ೧೭, ಮಂಗಳವಾರ

ಇವರಿಗೆ ಹೇಳಿದರೆ, "ಒಂದು ಟೆಸ್ಟ್ ತಾನೇ? ಅದಕ್ಕೆ ಯಾಕಿಷ್ಟು ರಂಪ ಮಾಡ್ತೀಯ?" ಎಂದರು. ಇವರು ಲಿಫ್ಟ್ ರಿಪೇರಿ ಮಾಡುವವರು. ಲಿಫ್ಟ್ ಎರಡು ಮಹಡಿಯ ಮಧ್ಯೆ ನಿಂತರೆ ಮಾತ್ರ ಓಡುವುದು, ಅಲ್ಲಿಯತನಕ ಎಲ್ಲ ಸರಿಯಿದೆ ಇವರ ಲೆಕ್ಕದಲ್ಲಿ. ಹಾಗಂತ ಮುಖದ ಮೇಲೇ ಹೇಳಿದೆ. ತಟ್ಟೆ ಬಿಟ್ಟು ಎದ್ದರು. ಏಳಲಿ.

ಸೆಪ್ಟೆಂಬರ್ ೨೫, ಬುಧವಾರ

ಒಂದು ಲೆನ್ಸ್ ಹಾಳುಮಾಡಿದೆ. ಕೋನ ತಪ್ಪಿಸಿ ಕೊರೆದುಬಿಟ್ಟೆ. ಅಂಗಡಿ ಯಜಮಾನರು ಬೈಯಲಿಲ್ಲ, "ಏನಮ್ಮಾ, ಮಷೀನಿನ ಮೇಲೆ ಯಾರ ಮುಖ ಕಾಣ್ತಿದೆ ನಿನಗೆ?" ಎಂದರು. ಸರಿಯಾಗಿಯೇ ಕೇಳಿದರು.

ಮಧ್ಯಾಹ್ನ ಒಬ್ಬ ತಾಯಿ ಪುಟ್ಟ ಮಗನಿಗೆ ಕನ್ನಡಕ ಹಾಕಿಸಲು ಬಂದಿದ್ದಳು. ಹಾಕಿದ ತಕ್ಷಣ ಅವನು ಎದುರಿನ ಅಂಗಡಿಯ ಬೋರ್ಡನ್ನು ಗಟ್ಟಿಯಾಗಿ ಓದಿದ. ಅಂಗಡಿಯವರೆಲ್ಲ ಚಪ್ಪಾಳೆ ತಟ್ಟಿದರು. ಅವನ ಶಾಲೆಯಲ್ಲಿ ಯಾರೂ ಅವನಿಗೆ ಕನ್ನಡಕ ತೆಗೆದಿಟ್ಟು ಬಾ, ಎಲ್ಲರಿಗೂ ಒಂದೇ ನ್ಯಾಯ ಎನ್ನುವುದಿಲ್ಲ. ನಾನು ಚಪ್ಪಾಳೆ ತಟ್ಟಲಿಲ್ಲ. ಪಾಪ, ಆ ಹುಡುಗ ಏನು ಮಾಡಿದ್ದ.

ಅಕ್ಟೋಬರ್ ೪, ಶುಕ್ರವಾರ

ಅಕ್ಷರ ಸೊಟ್ಟಗಾದರೆ ಆಗಲಿ, ಇವತ್ತೇ ಬರೆದಿಡುತ್ತೇನೆ.

ಹೆಡ್ ಮೇಡಂ ಫೋನ್ ಮಾಡಿ ಕರೆಸಿದರು. ಮತ್ತೆ ಚಹಾ. "ನೋಡೀಮ್ಮಾ, ನಾನು ಅವಳ ಒಳ್ಳೇದಕ್ಕೇ ಹೇಳ್ತಿದ್ದೀನಿ. ಈ ಕ್ಲಾಸು ಅವಳಿಗೆ ಭಾರ ಆಗ್ತಿದೆ. ನಮ್ಮಲ್ಲಿ ಕೆಳಗಡೆ ವಿಶೇಷ ವಿಭಾಗ ಅಂತ ಇದೆ. ಅಲ್ಲಿ ಒತ್ತಡ ಇಲ್ಲ. ವರ್ಷದ ಕೊನೆಗೆ ಅಲ್ಲಿಗೆ ಹಾಕೋಣ ಅಂತ ಯೋಚನೆ" ಎಂದರು.

"ತೋರಿಸಿ" ಎಂದೆ. ಅವರು ನಿರೀಕ್ಷಿಸಿರಲಿಲ್ಲ. "ಇವತ್ತು ಬೇಡ, ಇನ್ನೊಂದು ದಿನ" ಎಂದು ಎಳೆದರು. ನಾನು ಎದ್ದು ಮೆಟ್ಟಿಲಿಳಿದೆ. ಅವರು ಹಿಂದೆಯೇ ಓಡಿ ಬಂದರು.

ಮೆಟ್ಟಿಲ ಕೆಳಗಿನ ಕೋಣೆ. ಅರ್ಧ ಕೋಣೆ ಮುರಿದ ಬೆಂಚು. ಉಳಿದರ್ಧದಲ್ಲಿ ಏಳೆಂಟು ಮಕ್ಕಳು ಒಂದೇ ಮೇಜಿನ ಸುತ್ತ ಕೂತಿದ್ದಾರೆ, ಆರು ವರ್ಷದವರೂ ಅಲ್ಲೇ, ಹದಿನಾಲ್ಕರವರೂ ಅಲ್ಲೇ. ಎಲ್ಲರ ಮುಂದೂ ಒಂದೇ ಬಾತುಕೋಳಿಯ ಚಿತ್ರ, ಬಣ್ಣ ಹಚ್ಚುವುದಕ್ಕೆ. ಟೀಚರ್ ಇಲ್ಲ. ಆಯಾ ಒಬ್ಬಳು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಫೋನ್ ನೋಡುತ್ತಿದ್ದಳು. ಉದ್ದ ಜಡೆಯ ಒಬ್ಬ ಹುಡುಗಿ, ಪಕ್ಕದಲ್ಲಿ ಎರಡು ಊರುಗೋಲು ಒರಗಿಸಿಟ್ಟುಕೊಂಡು, ಬಾತುಕೋಳಿಗೆ ಕಪ್ಪು ಬಣ್ಣ ಹಚ್ಚುತ್ತಿದ್ದಳು. ಗಟ್ಟಿಯಾಗಿ, ಕಾಗದ ಹರಿಯುವ ಹಾಗೆ.

"ನಿನಗೇನಮ್ಮಾ ತೊಂದರೆ ಓದೋಕೆ?" ಎಂದೆ.

"ಏನಿಲ್ಲ ಆಂಟಿ. ಎಂಟನೇ ಕ್ಲಾಸು ಎರಡನೇ ಮಹಡೀಲಿದೆ. ನನಗೆ ಮೆಟ್ಟಿಲು ಹತ್ತೋಕಾಗಲ್ಲ. ಅದಕ್ಕೆ ಇಲ್ಲಿ" ಎಂದಳು. ಹೆಡ್ ಮೇಡಂ ಕಡೆ ನೋಡಿದೆ. ಅವರು ಗೋಡೆ ನೋಡುತ್ತಿದ್ದರು.

ನಾನು ಏನೇನು ಬೈದೆನೋ ನೆನಪಿಲ್ಲ. ಆಯಾ ಫೋನ್ ಕೆಳಗಿಟ್ಟಳು ಎಂಬುದು ನೆನಪಿದೆ.

ಅಕ್ಟೋಬರ್ ೫, ಶನಿವಾರ

ಇವರಿಗೆ ಹೇಳುವುದೇ ಬೇಡ ಎಂದುಕೊಂಡಿದ್ದೆ. ತಿಂಡಿ ತಿನ್ನುವಾಗ ಬಾಯಿಗೆ ಬಂತು, ಹೇಳಿಬಿಟ್ಟೆ. ಬಟಾಣಿಯ ವಿಷಯಕ್ಕೆ "ಹೂಂ, ಹೂಂ" ಎನ್ನುತ್ತಿದ್ದರು. ಊರುಗೋಲಿನ ಹುಡುಗಿಯ ಮಾತು ಬಂದಾಗ ಕೈ ನಿಂತಿತು.

"ಮೆಟ್ಟಿಲು ಹತ್ತೋಕಾಗಲ್ಲ ಅಂತ ಬಣ್ಣ ಹಚ್ಚೋಕೆ ಕೂರಿಸಿದ್ದಾರಾ?"

"ಹೌದು ರೀ."

"ಮೇಲಿನ ಕ್ಲಾಸನ್ನ ಕೆಳಗೆ ತರೋಕೆ ಅವರಿಗೇನು ರೋಗ? ಬೆಂಚು ಹೊರೋಕೆ ಒಂದು ದಿನದ ಕೆಲಸ!" ಮೇಜು ಗುದ್ದಿದರು, ಲೋಟ ಉರುಳಿತು. "ನಮ್ಮ ಬಟಾಣೀನೂ ಅಲ್ಲಿಗೇ ಹಾಕ್ತಾರಂತಾ?"

ಒಂದು ತಿಂಗಳಿಂದ ನಾನು ಇನ್ನೇನು ಹೇಳುತ್ತಿದ್ದೇನೆ? ಗೋಡೆಗೆ ಹೇಳಿದ್ದರೂ ಅಷ್ಟರಲ್ಲಿ ತಿಳಿಯುತ್ತಿತ್ತು. ಆದರೂ ಇವರೇ ಉರುಳಿದ ಲೋಟ ಎತ್ತಿಟ್ಟು ನೆಲ ಒರೆಸಿದರು.

ಅಕ್ಟೋಬರ್ ೧೦, ಗುರುವಾರ

ಶಿಕ್ಷಣ ಕಚೇರಿ. ಉದ್ದನೆಯ ಕೋಣೆ, ಫೈಲುಗಳ ಕಪಾಟು, ಅದರ ಮೇಲೆ ಇನ್ನಷ್ಟು ಫೈಲು. ಇವರೂ ಬಂದಿದ್ದರು, ಕೆಲಸದ ಅಂಗಿಯಲ್ಲೇ.

ನಮ್ಮ ವಿಷಯ ನೋಡಬೇಕಾದ ಅಧಿಕಾರಿ ಇನ್ನೇನು ನಿವೃತ್ತಿಯಾಗುವ ವಯಸ್ಸಿನ ಹೆಂಗಸು. ನಾನು ಹೇಳುತ್ತಲೇ ಇದ್ದೆ, ಅವರು ಕಂಪ್ಯೂಟರ್ ಪರದೆ ನೋಡುತ್ತಲೇ ಇದ್ದರು. "ಹೂಂ. ಅರ್ಜಿ ಕೊಟ್ಟು ಹೋಗಿ." "ಹೂಂ. ಶಾಲೆಯವರನ್ನ ಕೇಳ್ತೀವಿ." ಒಂದು ಸಲವೂ ಈ ಕಡೆ ತಿರುಗಲಿಲ್ಲ. ನನ್ನ ಮಗಳು ದಿನಾ ಐದು ಗಂಟೆ ಇದನ್ನೇ ನೋಡುತ್ತ ಕೂರುತ್ತಾಳೆ ಎಂದು ತಟ್ಟನೆ ಹೊಳೆಯಿತು. ಯಾರದೋ ಕೆನ್ನೆ, ಯಾರದೋ ಬೆನ್ನು.

"ಮುಖ ಕೊಟ್ಟು ಮಾತಾಡಿ ಮೇಡಂ!" ಎಂದು ಕೂಗಿಬಿಟ್ಟೆ.

ಆಕೆ ಕುರ್ಚಿಯನ್ನೇ ತಿರುಗಿಸಿದರು. ಜಗಳಕ್ಕೆ ಬರುತ್ತಾರೆ ಎಂದು ನಾನು ಸೆರಗು ಸಿಕ್ಕಿಸಿ ಸಿದ್ಧವಾದೆ. ಆದರೆ ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಈಗ ಮೊದಲಿಂದ ಹೇಳಿ" ಎಂದರು. ಹೇಳಿದೆ. ಕೋಣೆಯ ಕಥೆ ಬಂದಾಗ ಪೆನ್ನು ತೆಗೆದುಕೊಂಡರು. ಶಾಲೆಯಲ್ಲೇ ಸಭೆ ಕರೆಯುತ್ತಾರಂತೆ, ನವೆಂಬರ್ ಏಳಕ್ಕೆ. ಮೈಕು ಹಾಕಿಕೊಳ್ಳುವುದು ಟೀಚರ್ ಮಾಡುವ ಉಪಕಾರವಲ್ಲ, ಕಾನೂನಿನ ಪ್ರಕಾರ ಮಗುವಿನ ಹಕ್ಕು ಎಂದೂ ಹೇಳಿದರು.

ಹಾಗಾದರೆ ಇಷ್ಟು ದಿನ ಆ ಕಾನೂನು ಯಾವ ಕಪಾಟಿನಲ್ಲಿತ್ತು?

ಅಕ್ಟೋಬರ್ ೧೮, ಶುಕ್ರವಾರ

ಬಟಾಣಿ ಶಾಲೆಯಲ್ಲಿ ಕಿವಿ ಮಷೀನನ್ನೇ ಹಾಕಿಕೊಳ್ಳುತ್ತಿಲ್ಲ. ಗೇಟು ದಾಟಿದ ಕೂಡಲೇ ತೆಗೆದು ಪೆನ್ಸಿಲ್ ಡಬ್ಬಿಗೆ ಹಾಕುತ್ತಾಳಂತೆ. ಎಷ್ಟು ದಿನದಿಂದಲೋ. ಇವತ್ತು ವಾಪಸ್ ಹಾಕಿಕೊಳ್ಳಲು ಮರೆತಿದ್ದಳು, ಡಬ್ಬಿ ತೊಳೆಯಲು ತೆಗೆದಾಗ ಸಿಕ್ಕವು, ಪೆನ್ಸಿಲ್ ಚೂರು ಮೆತ್ತಿಕೊಂಡು.

"ಏನಿದು?" ಎಂದು ಕೂಗಿದೆ. ಅವಳಿಗೆ ಕೇಳದಿದ್ದರೂ ನನ್ನ ಮುಖ ಕಂಡಿತು.

"ನೀನು ಸ್ಕೂಲಿಗೆ ಬರಬೇಡ ಅಮ್ಮ" ಎಂದಳು.

"ಯಾಕೆ?"

"ನೀನು ಬಂದು ಹೋದ ದಿನ ಟೀಚರ್ ನನ್ನ ಕಡೆ ನೋಡೋದೇ ಇಲ್ಲ. ಮುಖ ಕಾಣದೆ ಮಷೀನ್ ಹಾಕ್ಕೊಂಡ್ರೆ ಬರೀ ಗಲಾಟೆ. ತಲೆ ನೋಯುತ್ತೆ. ಮಕ್ಕಳೆಲ್ಲ 'ನಿಮ್ಮಮ್ಮ ಇವತ್ತು ಜಗಳಕ್ಕೆ ಬರಲ್ವಾ' ಅಂತ ಕೇಳ್ತಾರೆ."

"ನಾನು ಯಾರಿಗೋಸ್ಕರ ಜಗಳ ಆಡ್ತಿರೋದು? ನನಗೋಸ್ಕರವಾ?"

"ನನಗೆ ಗೊತ್ತಿಲ್ಲ. ನನ್ನನ್ನ ಯಾರೂ ಏನೂ ಕೇಳಲ್ಲ. ನೀನೂ ಕೇಳಲ್ಲ" ಎಂದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಹತ್ತು ವರ್ಷಕ್ಕೆ ಎಷ್ಟು ಬಾಯಿ! ಬಾಗಿಲು ತಟ್ಟೋಣವೆಂದರೆ ಮಷೀನು ಎರಡೂ ನನ್ನ ಕೈಯಲ್ಲೇ ಇದ್ದವು.

ಅಕ್ಟೋಬರ್ ೨೦, ಭಾನುವಾರ

ಸಭೆಗೆ ಬೇಕಾಗುತ್ತದಲ್ಲ, ಅದಕ್ಕೇ ಇವತ್ತು ಅವಳನ್ನು ಕೂರಿಸಿಕೊಂಡು ಕೇಳಿದೆ. ಬಟ್ಟೆ ಮಡಿಸುತ್ತ. ಮೊದಲು "ಏನಿಲ್ಲ" ಎಂದಳು. ಸುಮ್ಮನೆ ಇನ್ನೊಂದು ಅಂಗಿ ಮಡಿಸಿದೆ. ಆಮೇಲೆ ಶುರುವಾಯಿತು.

ಮುಂದಿನ ಬೆಂಚು ಅವಳಿಗೆ ಬೇಡವಂತೆ! ಮೊದಲ ದಿನದಿಂದ ನಾನು ಮುಂದಿನ ಬೆಂಚಿಗಾಗಿ ಬಡಿದಾಡುತ್ತಿದ್ದೇನೆ. ಮುಂದೆ ಕೂತರೆ ಹಿಂದಿನ ಮಕ್ಕಳು ಉತ್ತರ ಹೇಳುವಾಗ ಯಾರ ಮುಖವೂ ಕಾಣುವುದಿಲ್ಲವಂತೆ. ಕಿಟಕಿ ಪಕ್ಕದ ಎರಡನೇ ಸಾಲು ಬೇಕಂತೆ, ಅಡ್ಡಲಾಗಿ ಕೂತರೆ ಟೀಚರೂ ಕಾಣುತ್ತಾರೆ, ಮಕ್ಕಳೂ ಕಾಣುತ್ತಾರೆ. ಕಿಟಕಿಗೆ ಬೆನ್ನು ಇರಬೇಕು, ಬೆಳಕು ಎದುರಿನವರ ಮುಖದ ಮೇಲೆ ಬೀಳಬೇಕು. ಓದುವ ಸರದಿ ಬಂದ ಮಗುವಿಗೂ ಮೈಕು ಕೊಡಬೇಕು. ಟೀಚರ್ ಬಾಯಿ ಅಗಲಿಸಿ ಚೀರಬಾರದು, ಚೀರಿದರೆ ತುಟಿ ಸೊಟ್ಟಗಾಗಿ ಏನೂ ತಿಳಿಯುವುದಿಲ್ಲ.

"ಮತ್ತೆ, ಎಲ್ಲರೂ ನಕ್ಕಾಗ ನಾನೂ ನಗ್ತೀನಿ. ಯಾಕೆ ನಕ್ಕಿದ್ದು ಅಂತ ಆಮೇಲೆ ಯಾರಾದ್ರೂ ಹೇಳಬೇಕು."

ಕೊನೆಗೆ ಮಡಿಸಿದ ಬಟ್ಟೆಯನ್ನೇ ಮತ್ತೆ ಬಿಚ್ಚಿ ಮಡಿಸುತ್ತಿದ್ದೆ. ಈ ಟೀಚರಿಗೆ ಒಂದು ದಿನ, ಒಂದೇ ಒಂದು ದಿನ, ಇದನ್ನು ಕೇಳಬೇಕು ಅನ್ನಿಸಲಿಲ್ಲವಲ್ಲ, ಅದನ್ನು ನೆನೆದರೆ ಮೈಯೆಲ್ಲ ಉರಿಯುತ್ತದೆ.

ನವೆಂಬರ್ ೭, ಗುರುವಾರ

ಆಯಿತು. ಎಲ್ಲ ಬರೆದೇ ಎದ್ದೇಳುತ್ತೇನೆ.

ಹೆಡ್ ಮೇಡಂ ಕೋಣೆಯಲ್ಲಿ ಸಭೆ. ಅಧಿಕಾರಿ ಮೇಡಂ, ಹೆಡ್ ಮೇಡಂ, ಕ್ಲಾಸ್ ಟೀಚರ್ ಮೇಜಿನ ಆ ಕಡೆ. ನಾವು ಮೂವರು ಈ ಕಡೆ. ಶುರುವಾಗುತ್ತಲೇ ಇಬ್ಬರು ಒಟ್ಟಿಗೆ ಮಾತಾಡತೊಡಗಿದರು. ಹೆಡ್ ಮೇಡಂ ಶಾಲೆಯ ಹೆಸರಿನ ಬಗ್ಗೆ, ಟೀಚರ್ ತಮ್ಮ ಇಪ್ಪತ್ತು ವರ್ಷದ ಅನುಭವದ ಬಗ್ಗೆ. ಮೇಲೆ ಫ್ಯಾನು ಗರಗರ ಎನ್ನುತ್ತಿತ್ತು. ನಾನು ಮೈತುಂಬ ಕತ್ತಿ ಕಟ್ಟಿಕೊಂಡು ಹೋಗಿದ್ದೆ, ಯಾವ ಮಾತಿಗೆ ಯಾವ ಮಾತು ಎಂದು ಎಲ್ಲ ಬಾಯಿಪಾಠ.

ಅಧಿಕಾರಿ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿ, ಬಟಾಣಿಯ ಕಡೆ ತಿರುಗಿ, "ನೀನು ಹೇಳಮ್ಮಾ. ನಿನಗೇನು ಬೇಕು?" ಎಂದರು.

ನಾನು ಬಾಯಿ ತೆರೆದೆ. ಆಮೇಲೆ ನೀರಿನ ಲೋಟ ಎತ್ತಿಕೊಂಡೆ. ಕುಡಿದು ಮುಗಿಸುವ ಹೊತ್ತಿಗೆ ಅವಳು ಎದ್ದು ನಿಂತಿದ್ದಳು.

"ಮೊದಲು ಫ್ಯಾನ್ ಆಫ್ ಮಾಡಿ" ಎಂದಳು. ಇವರು ಎದ್ದು ಆಫ್ ಮಾಡಿದರು. ಅವಳು ಚೀಲದಿಂದ ಮೈಕು ತೆಗೆದು ಮೇಜಿನ ಮಧ್ಯೆ ಇಟ್ಟಳು. "ಒಬ್ಬೊಬ್ಬರೇ ಮಾತಾಡಿ. ಮಾತಾಡೋರು ಇದನ್ನ ಹತ್ತಿರ ಇಟ್ಕೊಳ್ಳಿ. ಇಲ್ಲಾಂದ್ರೆ ನನಗೆ ಗೊತ್ತಾಗಲ್ಲ."

ಅಧಿಕಾರಿ ಅದನ್ನು ಎಳೆದುಕೊಂಡು, "ಈಗ ಕೇಳಿಸ್ತಾ?" ಎಂದರು. ಬಟಾಣಿ ತಲೆಯಾಡಿಸಿದಳು. ಆಮೇಲೆ ತನಗೆ ಬೇಕಾದ್ದೆಲ್ಲ ಹೇಳಿದಳು, ಕಿಟಕಿ, ಎರಡನೇ ಸಾಲು, ಓದುವ ಮಕ್ಕಳ ಕೈಗೂ ಮೈಕು. ಮಧ್ಯೆ ಒಂದು ಕಡೆ ತಡವರಿಸಿದಳು. ಇವರು ನನ್ನ ಕೈ ಹಿಡಿದುಕೊಂಡಿದ್ದರು, ನೋಯುವಷ್ಟು ಬಿಗಿಯಾಗಿ.

ಮೈಕು ಟೀಚರ ಮುಂದೆ ಬಂತು. ಅವರು ಅದನ್ನು ಮುಟ್ಟಲಿಲ್ಲ. "ಇದರಲ್ಲಿ ನಾನು ಆಡೋದೆಲ್ಲ ಅವಳಿಗೆ ಕೇಳುತ್ತೆ" ಎಂದರು. "ಅಲ್ವಾ, ಕೇಳೋದಕ್ಕೇ ಇರೋದು" ಎಂದರು ಅಧಿಕಾರಿ. "ಹಾಗಲ್ಲ ಮೇಡಂ" ಎಂದು ಟೀಚರ್ ಕೆಂಪಾದರು. "ಸ್ಟಾಫ್ ರೂಮಿಗೆ ಹೋದ್ರೆ? ಫೋನಲ್ಲಿ ಮನೆಯವರ ಹತ್ತಿರ ಮಾತಾಡಿದ್ರೆ? ಬಾತ್‌ರೂಮಿಗೆ ಹೋದ್ರೆ? ಒಂದು ಮಗು ಎಲ್ಲಾನೂ ಕೇಳ್ತಾ ಕೂತಿರುತ್ತೆ ಅಂದ್ರೆ ನಾನು ಹೇಗೆ ಇಟ್ಕೊಳ್ಳಲಿ?"

"ಸ್ವಿಚ್ ಇದೆ ಟೀಚರ್" ಎಂದಳು ಬಟಾಣಿ, ತೋರಿಸಿದಳು. "ಹೋದ ವರ್ಷದ ಟೀಚರೂ ಮರೀತಿದ್ರು. ನಾನು ಬಾಗಿಲ ತನಕ ಓಡಿ ಹೋಗಿ ನೆನಪು ಮಾಡ್ತಿದ್ದೆ."

ಅಧಿಕಾರಿ ನಕ್ಕರು. ಹೆಡ್ ಮೇಡಂ ನಕ್ಕರು. ಇವರೂ ನಕ್ಕರು. ನನಗೆ ನಗು ಬರಲಿಲ್ಲ. ಎರಡು ತಿಂಗಳು ನನ್ನ ಮಗಳನ್ನು ಕಿವುಡಿ ಮಾಡಿ ಕೂರಿಸಿದ್ದು, ಸೋಮಾರಿ ಎಂದು ಬರೆದದ್ದು, ಮೆಟ್ಟಿಲ ಕೆಳಗಿನ ಕೋಣೆಗೆ ತಳ್ಳಲು ಹೊರಟಿದ್ದು, ಒಂದು ಸ್ವಿಚ್ ಎಲ್ಲಿದೆ ಎಂದು ಕೇಳಲಾರದೆ! ಮೊದಲ ದಿನ ಆ ವರಾಂಡದಲ್ಲಿ ನನ್ನ ಮಾತು ಮುಗಿಯುವ ತನಕ ನಿಂತಿದ್ದರೆ ತೋರಿಸುತ್ತಿದ್ದೆನಲ್ಲ. ಭಯವಾಗುತ್ತದೆ ಎಂದು ಹೇಳಲು ನಾಚಿಕೆ, ಮಗುವಿಗೆ ಸೊನ್ನೆ ಸುತ್ತಲು ನಾಚಿಕೆಯಿಲ್ಲ.

ಬಟಾಣಿ ಅದೇ ಕ್ಲಾಸಿನಲ್ಲಿ ಇರುತ್ತಾಳೆ. ಎಲ್ಲ ಟೀಚರುಗಳೂ ಮೈಕು ಹಾಕಿಕೊಳ್ಳಬೇಕು. ಉಕ್ತಲೇಖನ ಎದುರು ನಿಂತು ಹೇಳಬೇಕು, ಆ ಟೆಸ್ಟ್ ಮತ್ತೆ ಕೊಡಬೇಕು. "ಆರ್ಡರ್ ಅಂದ್ಮೇಲೆ ಹಾಕ್ಕೋತೀನಿ" ಎಂದರು ಟೀಚರ್. ತಪ್ಪಾಯಿತು ಎನ್ನಲಿಲ್ಲ. ಬಟಾಣಿಯ ಕಡೆ ನೋಡಲೂ ಇಲ್ಲ.

ಏಳುವಾಗ ಕೆಳಗಿನ ಕೋಣೆಯ ಮಾತೆತ್ತಿದೆ. "ಅದು ಇವತ್ತಿನ ವಿಷಯ ಅಲ್ಲ" ಎಂದರು ಹೆಡ್ ಮೇಡಂ. ಇವರು, ಸಭೆಯುದ್ದಕ್ಕೂ ತುಟಿ ಪಿಟಕ್ಕೆನ್ನದ ಇವರು, "ಹಾಗಾದ್ರೆ ಯಾವತ್ತಿನ ವಿಷಯ ಅಂತ ಈಗಲೇ ಬರೀರಿ. ನಾನು ರಜೆ ಹಾಕಬೇಕು" ಎಂದು ಕುರ್ಚಿಗೆ ಒರಗಿ ಕೂತರು. ಅಧಿಕಾರಿ ಬರೆದುಕೊಂಡರು.

ನವೆಂಬರ್ ೮, ಶುಕ್ರವಾರ

ಬೆಳಿಗ್ಗೆ ಎದ್ದಾಗ ಸಿಟ್ಟು ಇನ್ನೂ ಇತ್ತು. ಗೆದ್ದ ಮೇಲೆ ಇಳಿಯುತ್ತದೆ ಎಂದುಕೊಂಡಿದ್ದೆ.

ನವೆಂಬರ್ ೧೯, ಮಂಗಳವಾರ

ಮೈಕು ಕೊರಳಲ್ಲಿದೆ. ಸ್ವಿಚ್ ಆಫ್!

ದಿನಾ ಹಾಕಿಕೊಂಡು ಬರುತ್ತಾರಂತೆ, ಯಾರಾದರೂ ಬಂದು ನೋಡಿದರೆ ಕಾಣಲಿ ಎಂದು. ಇದನ್ನು ಬಟಾಣಿ ಅನ್ನ ಕಲಸುತ್ತ, ಬಿಸಿಲು ಜಾಸ್ತಿ ಎನ್ನುವ ಧಾಟಿಯಲ್ಲಿ ಹೇಳಿದಳು.

"ಮತ್ತೆ ನೀನೇನು ಮಾಡ್ತೀಯೇ?"

"ಎದ್ದು ನಿಂತು 'ಟೀಚರ್, ಸ್ವಿಚ್' ಅಂತೀನಿ."

"ಅವರು?"

"ಕೂತ್ಕೋ ಅಂತಾರೆ. ನಾನು ಕೂರಲ್ಲ. ಆಮೇಲೆ ಹಿಂದಿನ ಬೆಂಚಿನವರೂ 'ಟೀಚರ್, ಸ್ವಿಚ್' ಅಂತಾರೆ. ಆಗ ಹಾಕ್ತಾರೆ."

"ನಾಳೆ ನಾನು ಬರ್ತೀನಿ, ಇರು."

"ಬೇಡ" ಎಂದಳು. ಇನ್ನೊಂದು ಸಲ ಅನ್ನ ಬಡಿಸಿಕೊಂಡಳು.

ನವೆಂಬರ್ ೨೦, ಬುಧವಾರ

ಗೇಟಿನ ತನಕ ಹೋಗಿದ್ದೆ. ಅಂಗಡಿಗೆ ಹೊತ್ತಾಗುತ್ತದೆ ಎಂದು ವಾಪಸ್ ಬಂದೆ. ಇವತ್ತು ಹೊಸ ಫ್ರೇಮುಗಳು ಬರುವುದಿತ್ತು.

ನವೆಂಬರ್ ೨೯, ಶುಕ್ರವಾರ

ಉಕ್ತಲೇಖನ ಮತ್ತೆ ಕೊಟ್ಟರು. ಇಪ್ಪತ್ತಕ್ಕೆ ಹದಿನಾಲ್ಕು. "ಷ" ಮತ್ತು "ಶ" ತಪ್ಪು. ಅದು ಕ್ಲಾಸಿನ ಅರ್ಧ ಮಕ್ಕಳಿಗೆ ತಪ್ಪಾಗಿದೆಯಂತೆ. ಹೊಗಳಿಕೆಯ ಒಂದು ಪದ ಇಲ್ಲ ಪುಟದಲ್ಲಿ. ಬೈಗುಳವೂ ಇಲ್ಲ.

ಎಂಟನೇ ಕ್ಲಾಸನ್ನು ಕೆಳಗೆ ತರುವುದು ಜನವರಿಗೆ ಎಂದಿದ್ದಾರೆ. ಡಿಸೆಂಬರಿಗೆ ಎಂದಿದ್ದರು ಮೊದಲು. ಇವರು ಪ್ರತಿ ಸೋಮವಾರ ಕೆಲಸಕ್ಕೆ ಹೊರಡುವ ಮುಂಚೆ ಹೆಡ್ ಮೇಡಂಗೆ ಫೋನ್ ಮಾಡುತ್ತಾರೆ. ಅವರು ಈಗ ಫೋನ್ ಎತ್ತುವುದನ್ನು ಬಿಟ್ಟಿದ್ದಾರೆ. ಹಾಗಾಗಿ ಮುಂದಿನ ಸೋಮವಾರದಿಂದ ಇವರು ಊರುಗೋಲಿನ ಹುಡುಗಿಯ ಅಪ್ಪನನ್ನು ಕರೆದುಕೊಂಡು ನೇರ ಹೋಗುತ್ತಾರಂತೆ. ಆ ಕೋಣೆಯಲ್ಲಿ ಇವತ್ತೂ ಅದೇ ಬಾತುಕೋಳಿ.

ಡಿಸೆಂಬರ್ ೧೨, ಗುರುವಾರ

ಟೀಚರ್ ಫೋನ್ ಮಾಡಿ ಕರೆಸಿದರು. "ನಿಮ್ಮ ಮಗಳ ವಿಷಯ ಮಾತಾಡಬೇಕು" ಎಂದಷ್ಟೇ ಹೇಳಿದರು. ನಾನು ಅಂಗಡಿಯಿಂದ ಶಾಲೆಯ ತನಕ ಮನಸ್ಸಿನಲ್ಲೇ ಜಗಳವಾಡುತ್ತ ಹೋದೆ.

ಸ್ಟಾಫ್ ರೂಮಿನಲ್ಲಿ ಪುಸ್ತಕಗಳ ರಾಶಿಯ ಹಿಂದೆ ಕೂತಿದ್ದರು. ಮೈಕು ಕೊರಳಲ್ಲೇ ಇತ್ತು, ಹಸಿರು ದೀಪ ಆರಿತ್ತು. "ನಿಮ್ಮ ಮಗಳು ಕ್ಲಾಸಲ್ಲಿ ಮಾತು ಜಾಸ್ತಿ" ಎಂದರು. "ಪಕ್ಕದವಳ ಜೊತೆ. ನಾನು ಬೋರ್ಡಿನ ಕಡೆ ತಿರುಗಿದ್ರೆ ಸಾಕು, ಶುರು. ಮೂರು ಸಲ ಹೇಳಿದ್ದೀನಿ. ನಿನ್ನೆಯಂತೂ ಇಬ್ಬರೂ ಬಿದ್ದು ಬಿದ್ದು ನಗ್ತಿದ್ರು. ಪಾಠ ಹೇಗೆ ಮಾಡೋದು ನಾನು?"

"ಅವಳನ್ನ ಕರೀರಿ, ಅವಳೇನಂತಾಳೆ ಕೇಳೋಣ" ಎಂದೆ.

ಬಟಾಣಿ ಬಂದಳು. ಟೀಚರ್ ಸ್ವಿಚ್ ಹಾಕಿ ಕೇಳಿದರು. "ಹೌದು ಟೀಚರ್, ಮಾತಾಡಿದೆ" ಎಂದಳು. ಕಾರಣ ಕೊಡಲಿಲ್ಲ, ಅಳಲಿಲ್ಲ. ಅವಳಿಗೂ ಪಕ್ಕದವಳಿಗೂ ಒಂದೇ ಶಿಕ್ಷೆ: ನಾಳೆ ಆಟದ ಪೀರಿಯಡ್ ಇಲ್ಲ, ಇಬ್ಬರೂ ಕೂತು ಕ್ಲಾಸಿನ ಕಪಾಟು ಜೋಡಿಸಬೇಕು.

ಟೀಚರ್ ನನ್ನ ಮುಖ ನೋಡುತ್ತ ಕಾದರು. ನಾನು ಏನಾದರೂ ಅನ್ನುತ್ತೇನೆ ಎಂದುಕೊಂಡಿದ್ದರು.

"ಆಗಲಿ, ಜೋಡಿಸಲಿ" ಎಂದು ಎದ್ದೆ.

ಇಬ್ಬರೂ ನಡೆದುಕೊಂಡು ಮನೆಗೆ ಬಂದೆವು. ದಾರಿಯಲ್ಲಿ ಅವಳನ್ನು ನಿಲ್ಲಿಸಿ, "ಅಷ್ಟೊಂದು ಏನೇ ಮಾತಾಡ್ತಿದ್ರಿ?" ಎಂದು ಕೇಳಿದೆ.

"ನಿನಗೆ ಹೇಳೋದಲ್ಲ" ಎಂದಳು.

ನನಗೆ ಹೇಳುವುದಲ್ಲವಂತೆ! ಯಾರಿಗೆ? ನನಗೆ! ಬಂದ ಸಿಟ್ಟಿಗೆ ಉಳಿದ ದಾರಿಯುದ್ದಕ್ಕೂ ಅವಳನ್ನು ಮಾತಾಡಿಸಲಿಲ್ಲ. ಅವಳಿಗೆ ಅದು ತಿಳಿದಂತೆಯೂ ಕಾಣಲಿಲ್ಲ. ಒಂದು ಕಲ್ಲನ್ನು ಒದೆಯುತ್ತ, ಏನನ್ನೋ ನೆನೆಸಿಕೊಂಡು ಒಬ್ಬಳೇ ನಗುತ್ತ, ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದಳು.